ರೆಕಾರ್ಡ್ ಪುಸ್ತಕದಲ್ಲಿದ್ದ ಜಪಸರ

ಹುಡುಗಿಗೆ 19 ವರ್ಷ, ಬಿಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬೆಂಗಳೂರಿನ ಕನ್ನಡ ಕಥೋಲಿಕ ಮನೆ. ಚರ್ಚಿನ ಪೂಜೆಗೆ ಬರಲ್ಲ ಅಂತಾಳೆ, ರಾತ್ರಿಯೆಲ್ಲ ಎದ್ದೇ ಇರ್ತಾಳೆ ಅಂತ ಅಮ್ಮ ನನ್ನ ಹತ್ತಿರ ಆಪ್ತಸಲಹೆಗೆ ಕರೆತಂದಿದ್ದರು. "ವಿಕಾಸವಾದ ಓದಿ ಹೀಗಾದಳು ಮೇಡಂ."

ಅವಳೊಬ್ಬಳನ್ನೇ ಕೂರಿಸಿಕೊಂಡೆ. ಬ್ಯಾಗಿನಿಂದ ರೆಕಾರ್ಡ್ ಪುಸ್ತಕ ತೆಗೆದಳು. ಪೆನ್ಸಿಲ್‌ನಲ್ಲಿ ಬಿಡಿಸಿದ ನಾಲ್ಕು ತಲೆಬುರುಡೆ, ಹುಬ್ಬಿನ ಮೂಳೆ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ತಗ್ಗುತ್ತಾ ಬಂದಿತ್ತು. "ಇದರಲ್ಲಿ ಆತ್ಮ ಮೊದಲು ಯಾರಿಗೆ ಬಂತು? ಗೆರೆ ಎಲ್ಲಿ ಎಳೀಲಿ?" ಅಂದಳು. ತುಂಬಾ ಹೊತ್ತು ಸುಮ್ಮನಿದ್ದು, "ಗೆರೆನೇ ಇಲ್ಲ ಅಂದ್ರೆ ನಮ್ಮಜ್ಜಿ ಈಗ ಎಲ್ಲೂ ಇಲ್ಲ ಅಲ್ವಾ?" ಅಂದಳು. ಅಜ್ಜಿ ಹೋಗಿ ಐದು ತಿಂಗಳಾಗಿತ್ತು. ಅವರ ಜಪಸರ ಆ ಪುಸ್ತಕದ ರಟ್ಟಿನೊಳಗೇ ಇತ್ತು, ಬಣ್ಣ ಸವೆದು ಮಣಿಗಳ ಮರ ಕಾಣುತ್ತಿತ್ತು.

ಡಾರ್ವಿನ್ ವಿಷಯ ಪಕ್ಕಕ್ಕಿಟ್ಟು ಮೊದಲು ಅಜ್ಜಿಯ ಬಗ್ಗೆ ಕೇಳಿದೆ. ಒಂದು ಗಂಟೆ ಅತ್ತಳು. ಆ ದಿನ ಅಷ್ಟೇ.

ಎರಡನೇ ಸಲ ಅವಳ ಪ್ರಶ್ನೆಗೆ ಬಂದೆವು, ಯಾಕಂದ್ರೆ ಅದು ನಿಜವಾದ ಪ್ರಶ್ನೆ, ದುಃಖ ಅಂತ ಹೇಳಿ ತಳ್ಳಿಹಾಕುವಂಥದ್ದಲ್ಲ. ವಿಕಾಸವಾದ, ನಂಬಿಕೆ ಎರಡರಲ್ಲಿ ಒಂದನ್ನೇ ಹಿಡಿಯಬೇಕು ಅಂತ ಅವಳ ಸಭೆಯೇ, ಅಂದ್ರೆ ಕಥೋಲಿಕ ಚರ್ಚೇ ಹೇಳಿಲ್ಲ ಅನ್ನೋದು ಅವಳಿಗೆ ಗೊತ್ತೇ ಇರಲಿಲ್ಲ. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್, ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಅಂತ ಪರಿಶೀಲಿಸಲು ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದು ಬರೆದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದರು. ಎಲ್ಲ ಬಗೆಹರಿದಿದೆ ಅಂತ ನಾನು ಸುಳ್ಳು ಹೇಳಲಿಲ್ಲ. ಆದಾಮ, ಏವ ಇಬ್ಬರೇ ಮೂಲ ಅನ್ನೋದನ್ನು ತಳಿಶಾಸ್ತ್ರದ ಜೊತೆ ಹೇಗೆ ಹೊಂದಿಸೋದು ಅಂತ ದೇವಶಾಸ್ತ್ರಜ್ಞರು ಇನ್ನೂ ಚರ್ಚಿಸುತ್ತಿದ್ದಾರೆ. ಆತ್ಮ ಮೂಳೆಯಲ್ಲಿ ಗುರುತು ಬಿಡುವ ವಸ್ತು ಅಲ್ಲ, ಹಾಗಾಗಿ ಬುರುಡೆ ನೋಡಿ ಇದೆ ಅಂತಲೂ ಇಲ್ಲ ಅಂತಲೂ ಹೇಳೋಕಾಗಲ್ಲ. "ನಿನಗೆ ಕನ್ನಡ ಅರ್ಥ ಆಗೋಕೆ ಶುರುವಾಗಿದ್ದು ಯಾವ ದಿನ?" ಅಂತ ಕೇಳಿದೆ. ಆತ್ಮವೂ ಹಾಗೆ ನಿಧಾನಕ್ಕೆ ಬಂತು ಅಂತಲ್ಲ, ಅವಳ ಸಭೆ ಹಾಗೆ ಹೇಳೋದೂ ಇಲ್ಲ. ತಾರೀಖು ತೋರಿಸೋಕೆ ಆಗದ್ದೆಲ್ಲ ಸುಳ್ಳು ಆಗಲ್ಲ, ಅಷ್ಟೇ ನಾನು ಹೇಳಿದ್ದು. ನಂಬು ಅಂತ ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ.

ಸಲಹೆ ಜಾಸ್ತಿ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಈ ವಾದದ ವಿಡಿಯೋ ಬೇಡ. ವಿಜ್ಞಾನ ಓದಿರುವ ಒಬ್ಬ ಫಾದರ್ ಹತ್ತಿರ ಇದೇ ರೆಕಾರ್ಡ್ ಹಿಡಿದು ಹೋಗು. ಅಮ್ಮನಿಗೆ ಮಾತ್ರ ಗಟ್ಟಿಯಾಗಿ ಹೇಳಿದೆ: "ಅದನ್ನೆಲ್ಲ ಓದಬೇಡ" ಅನ್ನೋ ಮಾತು ನಿಲ್ಲಿಸಿ. ನೀವೂ ತಾಯಿಯನ್ನು ಕಳಕೊಂಡಿದ್ದೀರಿ, ಅವಳ ಜೊತೆ ಕೂತು ಅಳಿ.

ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ಇಬ್ಬರೂ ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ ಅಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದರಂತೆ. ನಿದ್ದೆ ಬರ್ತಿದೆ ಅಂದಳು. ಪೂಜೆಗೆ ಹೋಗ್ತೀಯಾ ಅಂತ ನಾನು ಕೇಳಲಿಲ್ಲ.