ಹೊಸ ಪ್ರೊಸೆಸರ್ ಬರುವ ಮೊದಲೇ ವೇಗದ ಲೆಕ್ಕ

ಪ್ರಶ್ನೆ: ದ್ರವದ ಹರಿವನ್ನು ಲೆಕ್ಕಹಾಕುವ ನಮ್ಮ ಪ್ರೋಗ್ರಾಂ ಈಗ ಎವಿಎಕ್ಸ್2 ಇರುವ, ಎಂದರೆ 256 ಬಿಟ್‌ನಷ್ಟು ಸಂಖ್ಯೆಗಳ ಸಾಲನ್ನು (ವೆಕ್ಟರ್) ಒಂದೇ ಆದೇಶದಿಂದ ಒಟ್ಟಿಗೆ ಲೆಕ್ಕಹಾಕುವ ಸರ್ವರ್‌ನಲ್ಲಿ ನಡೆಯುತ್ತಿದೆ. ನಾವು ಕೊಳ್ಳಬೇಕೆಂದಿರುವ 512 ಬಿಟ್‌ನ ಪ್ರೊಸೆಸರ್ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಅಗಲ ದುಪ್ಪಟ್ಟಾಗುವುದರಿಂದ ವೇಗವೂ ದುಪ್ಪಟ್ಟಾಗುತ್ತದೆ ಎಂದು ಅನುದಾನದ ಅರ್ಜಿಯಲ್ಲಿ ಬರೆಯಬಹುದೇ? ಹೊಸ ಪ್ರೊಸೆಸರನ್ನು ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್‌ನಲ್ಲಿ ಓಡಿಸಿದರೆ ಪ್ರೋಗ್ರಾಂ ಈಗಿನದಕ್ಕಿಂತ ಎಷ್ಟೋ ನಿಧಾನವಾಗಿದೆಯಲ್ಲ, ಏಕೆ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಎಮ್ಯುಲೇಟರ್ ತೋರಿಸಿದ ಸಮಯವನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಯಂತ್ರದಲ್ಲಿ ಇಲ್ಲದ ಆದೇಶವೊಂದನ್ನು ಎಮ್ಯುಲೇಟರ್ ಹತ್ತಾರು ಸಾಮಾನ್ಯ ಆದೇಶಗಳಿಂದ ಅನುಕರಿಸುತ್ತದೆ. ಉತ್ತರ ಸರಿಯಾಗಿ ಬರುವುದು ಅದರ ಹೊಣೆ, ವೇಗವಲ್ಲ. ಅದರಿಂದ ಪಡೆಯಬೇಕಾದದ್ದು ಆದೇಶಗಳ ಎಣಿಕೆಯನ್ನು. ಇಂಟೆಲ್ ಕಂಪನಿಯು 512 ಬಿಟ್‌ನ ವೆಕ್ಟರ್ ಆದೇಶಗಳಾದ ಎವಿಎಕ್ಸ್-512 ಅನ್ನು ಪ್ರಕಟಿಸಿದ್ದು 2013ರಲ್ಲಿ. ಅದನ್ನು ಬೆಂಬಲಿಸಿದ ಜಿಸಿಸಿ 4.9 ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶ) ಹೊರಬಂದದ್ದು 2014ರಲ್ಲಿ. ಆ ಆದೇಶಗಳಿದ್ದ ಸ್ಕೈಲೇಕ್ ಪೀಳಿಗೆಯ ಜಿಯಾನ್ ಸರ್ವರ್ ಚಿಪ್‌ಗಳು ಬಂದದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ಅನೇಕರು ಮಾಡಿದ್ದು ಇದನ್ನೇ: ಹೊಸ ಆದೇಶಗಳಿಗೆ ಕಂಪೈಲ್ ಮಾಡಿ, ಇಂಟೆಲ್‌ನದೇ ಎಮ್ಯುಲೇಟರ್‌ನಲ್ಲಿ ಓಡಿಸಿ, ಯಾವ ಲೂಪ್‌ನಲ್ಲಿ (ಮತ್ತೆ ಮತ್ತೆ ನಡೆಯುವ ಭಾಗದಲ್ಲಿ) ಎಷ್ಟು ವೆಕ್ಟರ್ ಆದೇಶಗಳು, ಒಂದೊಂದೇ ಸಂಖ್ಯೆಯ ಎಷ್ಟು ಬಿಡಿ ಆದೇಶಗಳು ನಡೆದವೆಂದು ಪಟ್ಟಿ ಮಾಡಿಕೊಂಡರು.

ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಲೂಪ್‌ನ ಉದ್ದ. ಒಳಗಿನ ಲೂಪ್ 12 ಸುತ್ತು ಮಾತ್ರ ಇದೆಯೆನ್ನಿ. 64 ಬಿಟ್‌ನ ಡಬಲ್ ಸಂಖ್ಯೆಗಳಾದರೆ 256 ಬಿಟ್‌ನಲ್ಲಿ ನಾಲ್ಕು ನಾಲ್ಕಾಗಿ ಮೂರು ಸುತ್ತಿಗೆ ಕೆಲಸ ಮುಗಿಯುತ್ತದೆ. 512 ಬಿಟ್‌ನಲ್ಲಿ ಎಂಟರ ಒಂದು ಸುತ್ತು, ಅರ್ಧ ಖಾಲಿಯಾದ ಇನ್ನೊಂದು ಸುತ್ತು, ಒಟ್ಟು ಎರಡು. ಲಾಭ ಅಲ್ಲಿಗೇ ಒಂದೂವರೆ ಪಟ್ಟಿಗೆ ಇಳಿಯಿತು.

ಎರಡನೆಯದು ಗಡಿಯಾರದ ವೇಗ. ಸ್ಕೈಲೇಕ್ ಪೀಳಿಗೆಯ ಜಿಯಾನ್ ಪ್ಲಾಟಿನಂ 8180ರಲ್ಲಿ ಸಾಮಾನ್ಯ ಕೆಲಸಕ್ಕೆ ಮೂಲ ಆವರ್ತನ 2.5 ಗಿಗಾಹರ್ಟ್ಸ್, ಎವಿಎಕ್ಸ್2ಕ್ಕೆ 2.1, ಎವಿಎಕ್ಸ್-512ಕ್ಕೆ ಕೇವಲ 1.7. ಅಗಲ ದುಪ್ಪಟ್ಟಾದರೂ ಆವರ್ತನ ಇಳಿದಿರುವುದರಿಂದ, ಬರೀ ಗುಣಾಕಾರ-ಸಂಕಲನವನ್ನೇ ಮಾಡುವ ಆದರ್ಶ ಲೂಪ್‌ಗೂ ಈ ಲೆಕ್ಕದಲ್ಲಿ ಸಿಗುವುದು 1.62 ಪಟ್ಟು. ನಿಮ್ಮ ಪ್ರೊಸೆಸರ್‌ನಲ್ಲಿ ಇಳಿತ ಇದಕ್ಕಿಂತ ಕಡಿಮೆಯಿರಬಹುದು. ಆದರೆ ಮಾರಾಟಗಾರರು ಹೇಳುವ ಗರಿಷ್ಠ ಗಿಗಾಹರ್ಟ್ಸ್ ಯಾವ ಬಗೆಯ ಆದೇಶಗಳಿಗೆ ಎಂದು ಬರವಣಿಗೆಯಲ್ಲಿ ಕೇಳದೆ ಬಿಡಬೇಡಿ.

ನಿಜವಾದ ತೊಡಕು ಮೆಮೊರಿಯದು, ದ್ರವದ ಲೆಕ್ಕಗಳಲ್ಲಂತೂ ಇದೇ ದೊಡ್ಡದು. ಒಂದು ಸಾಲನ್ನು ಸ್ಥಿರಾಂಕದಿಂದ ಗುಣಿಸಿ ಇನ್ನೊಂದಕ್ಕೆ ಕೂಡಿಸುವ ಸರಳ ಲೂಪನ್ನು ತೆಗೆದುಕೊಳ್ಳಿ. ಪ್ರತಿ ಸುತ್ತಿಗೂ ಲೆಕ್ಕ ಎರಡು. ಓದುವುದು ಎರಡು ಸಂಖ್ಯೆ, ಬರೆಯುವುದು ಒಂದು, ಒಟ್ಟು 24 ಬೈಟ್. 8180ಕ್ಕೆ ಆರು ಡಿಡಿಆರ್4-2666 ಮೆಮೊರಿ ಚಾನೆಲ್‌ಗಳಿಂದ ಸೈದ್ಧಾಂತಿಕವಾಗಿ ಸೆಕೆಂಡಿಗೆ 128 ಗಿಗಾಬೈಟ್ ಹರಿಯಬಹುದು. ಎಂದರೆ ಈ ಲೂಪ್ ಸುಮಾರು 10.7 ಗಿಗಾಫ್ಲಾಪ್ (ಸೆಕೆಂಡಿಗೆ 1,070 ಕೋಟಿ ಲೆಕ್ಕ) ದಾಟಲಾರದು. ಅದೇ ಚಿಪ್‌ನ 28 ಕೋರ್‌ಗಳು 1.7 ಗಿಗಾಹರ್ಟ್ಸ್‌ನಲ್ಲಿ ತಾತ್ವಿಕವಾಗಿ 1,500 ಗಿಗಾಫ್ಲಾಪ್‌ಗೂ ಮೀರಿ ಮಾಡಬಲ್ಲವು. ಕೊಳಾಯಿ ಅಷ್ಟೇ ಇರುವಾಗ ಕೊಡ ಎಷ್ಟು ದೊಡ್ಡದಾದರೇನು? ಹೀಗೆ ಲೆಕ್ಕದ ಮಿತಿಯನ್ನೂ ಮೆಮೊರಿಯ ಮಿತಿಯನ್ನೂ ಒಟ್ಟಿಗಿಟ್ಟು, ಎರಡರಲ್ಲಿ ಕಡಿಮೆಯದನ್ನು ಒಪ್ಪಿಕೊಳ್ಳುವ ವಿಧಾನಕ್ಕೆ ರೂಫ್‌ಲೈನ್ ಎಂದು ಹೆಸರು. ವಿಲಿಯಮ್ಸ್, ವಾಟರ್‌ಮನ್, ಪ್ಯಾಟರ್ಸನ್ ಎಂಬ ಮೂವರು 2009ರಲ್ಲಿ ಇದನ್ನು ಪ್ರಕಟಿಸಿದರು.

ಈಗ ನಿಮ್ಮ ಪ್ರೋಗ್ರಾಮನ್ನು ಹಳೆಯ ಯಂತ್ರದಲ್ಲೇ ಅಳೆದು ಮೂರು ಪಾಲು ಮಾಡಿ. ಉದಾಹರಣೆಗೆ 100 ಸೆಕೆಂಡಿನಲ್ಲಿ 60 ವೆಕ್ಟರ್ ಲೆಕ್ಕಕ್ಕೆ, 25 ಮೆಮೊರಿಗಾಗಿ ಕಾಯುವುದಕ್ಕೆ, 15 ವೆಕ್ಟರ್ ಆಗದ ಭಾಗಕ್ಕೆ ಹೋಗುತ್ತಿದೆ ಎನ್ನೋಣ. ಅರವತ್ತನ್ನು 1.62ರಿಂದ ಭಾಗಿಸಿದರೆ 37. ಮೆಮೊರಿಯ ಹರಿವು ಹೆಚ್ಚದಿದ್ದರೆ 25 ಹಾಗೆಯೇ ಉಳಿಯುತ್ತದೆ. 15 ಕೂಡ ಉಳಿಯುತ್ತದೆ, ಆವರ್ತನ ಇಳಿದರೆ ಸ್ವಲ್ಪ ಏರಲೂಬಹುದು. ಒಟ್ಟು 77 ಸೆಕೆಂಡ್, ಎಂದರೆ 1.3 ಪಟ್ಟು. ಅರ್ಜಿಯಲ್ಲಿ ಇದು ಸಪ್ಪೆಯಾಗಿ ಕಾಣುತ್ತದೆ, ನಿಜ. ಆದರೆ ಯಂತ್ರ ಬಂದ ಮೇಲೆ ಸಮಿತಿಯ ಮುಂದೆ ವಿವರಣೆ ಕೊಡುವ ಪ್ರಸಂಗ ತಪ್ಪುತ್ತದೆ.

ಲೂಪ್‌ನ ಒಳಗನ್ನು ಇನ್ನೂ ಸೂಕ್ಷ್ಮವಾಗಿ ನೋಡಬೇಕೆನಿಸಿದರೆ ಎಲ್‌ಎಲ್‌ವಿಎಂ-ಎಂಸಿಎ ಎಂಬ ಉಪಕರಣವಿದೆ. ಒಂದೇ ಮೊತ್ತಕ್ಕೆ ಸುತ್ತುಸುತ್ತಿಗೂ ಕೂಡಿಸುತ್ತಾ ಹೋಗುವ ಲೂಪ್‌ನಲ್ಲಿ ಹಿಂದಿನ ಉತ್ತರಕ್ಕಾಗಿ ಮುಂದಿನ ಆದೇಶ ಕಾಯುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಬೇಕಾದ ದತ್ತಾಂಶವೆಲ್ಲ ಪ್ರೊಸೆಸರ್‌ಗೆ ಹತ್ತಿರದ ಕ್ಯಾಷ್ ಎಂಬ ಸಣ್ಣ, ವೇಗದ ಮೆಮೊರಿಯಲ್ಲೇ ಇದೆ ಎಂದು ಭಾವಿಸಿ ಅದು ಲೆಕ್ಕಹಾಕುವುದರಿಂದ, ಮೇಲೆ ಹೇಳಿದ ಮೆಮೊರಿಯ ತೊಡಕು ಅದಕ್ಕೆ ಕಾಣುವುದಿಲ್ಲ. ಜೆಮ್5 ಮೊದಲಾದ ಸಿಮ್ಯುಲೇಟರ್‌ಗಳು ಕ್ಯಾಷನ್ನೂ ಅನುಕರಿಸುತ್ತವೆ. ಜಪಾನಿನ ರಿಕೆನ್ ಸಂಸ್ಥೆಯು ಫುಗಾಕು ಸೂಪರ್‌ಕಂಪ್ಯೂಟರ್‌ನ ಎ64ಎಫ್‌ಎಕ್ಸ್ ಪ್ರೊಸೆಸರ್‌ಗಾಗಿ ಜೆಮ್5 ಆಧಾರದ ಸಿಮ್ಯುಲೇಟರನ್ನು ರೂಪಿಸಿಕೊಂಡಿತ್ತು. ಇಂಥ ಸಿಮ್ಯುಲೇಟರ್‌ಗಳು ಬಹಳ ನಿಧಾನ, ಆದ್ದರಿಂದ ಇಡೀ ಪ್ರೋಗ್ರಾಮನ್ನಲ್ಲ, ಒಂದೆರಡು ಮುಖ್ಯ ಲೂಪ್‌ಗಳನ್ನು ಮಾತ್ರ ಕೊಡಿ.

ಇವೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಈಗಿನ ಸರ್ವರ್‌ನಲ್ಲೇ 128 ಬಿಟ್‌ಗೆ ಕಂಪೈಲ್ ಮಾಡಿ ಅಳೆದು, ಮೇಲಿನ ವಿಧಾನದಿಂದ 256 ಬಿಟ್‌ನ ಸಮಯವನ್ನು ಊಹಿಸಿ, ಬಳಿಕ ನಿಜವಾಗಿ ಓಡಿಸಿ ನೋಡಿ. ಕೈಯಲ್ಲಿರುವ ಯಂತ್ರದಲ್ಲೇ ಊಹೆ ತಪ್ಪಿದರೆ, ಬಾರದ ಯಂತ್ರದ ಬಗ್ಗೆ ಅದೇ ಊಹೆಯನ್ನು ಅರ್ಜಿಯಲ್ಲಿ ಬರೆಯುವುದಕ್ಕೆ ನಾನಂತೂ ಒಪ್ಪಲಾರೆ.

ಪ್ರಶ್ನೆ: ಆರ್ಮ್ ಪ್ರೊಸೆಸರ್‌ಗಳ ಎಸ್‌ವಿಇ ಎಂಬ ವೆಕ್ಟರ್ ಆದೇಶಗಳಲ್ಲಿ ವೆಕ್ಟರ್‌ನ ಉದ್ದವೇ ನಿಗದಿಯಿಲ್ಲವಂತೆ. ಹಾಗಾದರೆ ಅಂದಾಜು ಮಾಡುವುದು ಹೇಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: 128ರಿಂದ 2048 ಬಿಟ್‌ವರೆಗೆ ಚಿಪ್ ತಯಾರಕರು ಆರಿಸಿಕೊಳ್ಳಬಹುದು, ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಾಗಿಲ್ಲ. ಎಣಿಕೆಗೆ ಇದು ಅನುಕೂಲವೇ: ಎಮ್ಯುಲೇಟರ್‌ನಲ್ಲಿ ಉದ್ದವನ್ನು ಬದಲಿಸುತ್ತಾ ಒಂದೇ ಪ್ರೋಗ್ರಾಮನ್ನು ಓಡಿಸಿ, ಆದೇಶಗಳು ಎಲ್ಲಿಯವರೆಗೆ ಕಡಿಮೆಯಾಗುತ್ತವೆ ಎಂದು ನೋಡಬಹುದು. ಆದರೆ ಉದ್ದವೊಂದೇ ವೇಗವಲ್ಲ. ಆರ್ಮ್‌ನ ನಿಯೋವರ್ಸ್ ವಿ1 ಕೋರ್‌ನಲ್ಲಿ 256 ಬಿಟ್‌ನ ಎರಡು ವೆಕ್ಟರ್ ಘಟಕಗಳಿದ್ದರೆ, ಅದರ ನಂತರದ ವಿ2ರಲ್ಲಿ 128 ಬಿಟ್‌ನ ನಾಲ್ಕಿವೆ. ಎಣಿಕೆಯಲ್ಲಿ ವಿ2 ಹಿಂದೆ ಬಿದ್ದಂತೆ ಕಂಡರೂ ಗಡಿಯಾರದ ಪ್ರತಿ ಮಿಡಿತಕ್ಕೆ ಎರಡೂ 512 ಬಿಟ್‌ಗಳನ್ನೇ ನಿಭಾಯಿಸುತ್ತವೆ. ಹೀಗಾಗಿ ಎಣಿಕೆಯನ್ನು ಘಟಕಗಳ ಸಂಖ್ಯೆಯಿಂದ ಭಾಗಿಸಿದ ಮೇಲೆಯೇ ಹೋಲಿಸಿ.