ಮಾಲ್ಡೀವ್ಸ್ ರೆಸಾರ್ಟಿನಲ್ಲಿ ಸಸ್ಯಾಹಾರಿಗಳಿಗೆ ಊಟ, ಸರ್ವಿಸ್ ಹೇಗಿರುತ್ತದೆ? ಹಾಫ್ ಬೋರ್ಡ್ ಸಾಕೇ?

ನೀವು ಡಿಸೆಂಬರ್‌ನಲ್ಲಿ ನಾಲ್ಕು ರಾತ್ರಿಗೆ ಹೋಗುತ್ತಿದ್ದೀರಿ, ಇಬ್ಬರೂ ಸಸ್ಯಾಹಾರಿಗಳು, ಏಜೆಂಟರು "ಹಾಫ್ ಬೋರ್ಡ್ ಧಾರಾಳ ಸಾಕು" ಅಂದಿದ್ದಾರೆ, ಊಟ ಮತ್ತು ಸರ್ವಿಸ್ ನಂಬಬಹುದಾ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಬೆಳಿಗ್ಗೆಯ ತಿಂಡಿ ಮತ್ತು ರಾತ್ರಿಯ ಊಟ ಮಾತ್ರ ಸೇರಿದ ಹಾಫ್ ಬೋರ್ಡ್ ಬೇಡ, ಮಧ್ಯಾಹ್ನದ ಊಟವೂ ಸೇರಿದ ಫುಲ್ ಬೋರ್ಡ್ ತೆಗೆದುಕೊಳ್ಳಿ. ಬಜೆಟ್ ಸಾಲದಿದ್ದರೆ ನೀರಿನ ಮೇಲಿನ ವಿಲ್ಲಾ ಬಿಟ್ಟು ದಂಡೆಯ ಮೇಲಿನ ಕೋಣೆ ತೆಗೆದುಕೊಳ್ಳಿ, ಉಳಿದ ಹಣವನ್ನು ಊಟಕ್ಕೆ ಹಾಕಿ. ಮತ್ತೆ, ಬುಕ್ ಮಾಡುವ ಮೊದಲೇ ಅಡುಗೆಮನೆಯವರ ಜೊತೆ ಮಾತಾಡಿ.

ನಾನು ಎರಡು ಸಲ ಹೋಗಿ ಬಂದವನು. 2019ರ ಆಗಸ್ಟ್‌ನಲ್ಲಿ ಒಮ್ಮೆ, 2025ರ ನವೆಂಬರ್‌ನಲ್ಲಿ ಇನ್ನೊಮ್ಮೆ, ಬೇರೆ ಬೇರೆ ರೆಸಾರ್ಟಿಗೆ. ನಾನು ಅಂಕೋಲಾ ಕಡೆಯವನು, ಮೀನು ತಿನ್ನುತ್ತೇನೆ. ಹೆಂಡತಿ ಸಾಗರದವಳು, ಮೊಟ್ಟೆ ಬೆರೆತ ಕೇಕನ್ನೂ ಮುಟ್ಟುವುದಿಲ್ಲ. ಹಾಗಾಗಿ ಒಂದೇ ಮೇಜಿನ ಎರಡೂ ಬದಿ ನನಗೆ ಗೊತ್ತು.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ಒಂದು ದ್ವೀಪ ಎಂದರೆ ಒಂದು ರೆಸಾರ್ಟ್. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ಶುರುವಾದಾಗಿನಿಂದ ಬಂದ ಪದ್ಧತಿ ಇದು. ಗೋವಾದಲ್ಲಾದರೆ ಹೋಟೆಲಿನ ಊಟ ಹಿಡಿಸದಿದ್ದರೆ ಗೇಟು ದಾಟಿ ಇನ್ನೊಂದು ಕಡೆ ಉಣ್ಣಬಹುದು. ಇಲ್ಲಿ ಗೇಟಿನಾಚೆ ಸಮುದ್ರ. ಹತ್ತು ನಿಮಿಷದಲ್ಲಿ ಸುತ್ತು ಹಾಕಿ ಮುಗಿಸಬಹುದಾದ ದ್ವೀಪದಲ್ಲಿ ಎರಡೋ ಮೂರೋ ರೆಸ್ಟೋರೆಂಟ್ ಇರುತ್ತವೆ, ಎಲ್ಲಕ್ಕೂ ಒಬ್ಬನೇ ಮಾಲೀಕ. ಅವನು ಹಾಕಿದ್ದೇ ಬೆಲೆ, ಬಡಿಸಿದ್ದೇ ಊಟ.

2019ರಲ್ಲಿ ನಮಗೆ ಇದು ತಲೆಗೆ ಹೋಗಿರಲಿಲ್ಲ. ಹಾಫ್ ಬೋರ್ಡ್ ತೆಗೆದುಕೊಂಡಿದ್ದೆವು. ಮಧ್ಯಾಹ್ನ ಏನಾದರೂ ಹಗುರಾಗಿ ತಿಂದರಾಯಿತು ಎಂದುಕೊಂಡಿದ್ದೆವು. ಮೊದಲ ಮಧ್ಯಾಹ್ನ ಮೆನು ತೆಗೆದರೆ ಅವಳು ತಿನ್ನುವಂಥದ್ದು ಮೂರೇ ಮೂರು: ಪಿಜ್ಜಾ, ಪಾಸ್ತಾ, ತರಕಾರಿ ಸ್ಯಾಂಡ್‌ವಿಚ್. ಸ್ಯಾಂಡ್‌ವಿಚ್‌ಗೆ 24 ಡಾಲರ್. ಅದರ ಪಕ್ಕ ಎರಡು ಪ್ಲಸ್ ಚಿಹ್ನೆ. ಅಲ್ಲಿಯವರು ಅದನ್ನು 'ಪ್ಲಸ್ ಪ್ಲಸ್' ಅನ್ನುತ್ತಾರೆ. ಒಂದು ಪ್ಲಸ್ ಶೇ. 10ರ ಸರ್ವಿಸ್ ಚಾರ್ಜ್, ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ. ಆಗ ಆ ತೆರಿಗೆ ಶೇ. 12 ಇತ್ತು, 2023ರಲ್ಲಿ 16 ಆಯಿತು, 2025ರ ಜುಲೈಯಿಂದ 17. ತೆರಿಗೆಯನ್ನು ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ ಮೆನುವಿನಲ್ಲಿ 100 ಡಾಲರ್ ಅಂತಿದ್ದರೆ ಇವತ್ತು ನಿಮ್ಮ ಕೈಯಿಂದ ಹೋಗುವುದು 128 ಡಾಲರ್ 70 ಸೆಂಟ್. ಇದಲ್ಲದೆ ಗ್ರೀನ್ ಟ್ಯಾಕ್ಸ್ ಬೇರೆ. ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 6 ಡಾಲರ್ ಇದ್ದದ್ದು 2025ರ ಜನವರಿಯಿಂದ 12 ಆಗಿದೆ. ನಿಮ್ಮ ಪ್ಯಾಕೇಜಿನಲ್ಲಿ ಇವೆಲ್ಲ ಸೇರಿವೆಯೇ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.

ರಾತ್ರಿ ಊಟ ಪ್ಯಾಕೇಜಿನಲ್ಲಿದ್ದರೂ ನೀರು ಇರಲಿಲ್ಲ. ಊಟದ ಜೊತೆ ಕುಡಿದ ಬಾಟಲಿ ನೀರಿಗೆ ಪ್ರತಿ ಸಲ ಸಹಿ ಹಾಕಿಸಿಕೊಂಡರು. ಹೊರಡುವ ದಿನ ಮಧ್ಯಾಹ್ನದ ಊಟ, ನೀರು, ಕಾಫಿ ಎಲ್ಲ ಸೇರಿ ಬಂದ ಬಿಲ್ಲು, ಫುಲ್ ಬೋರ್ಡ್‌ಗೆ ಹೆಚ್ಚು ಕೊಡಬೇಕಿದ್ದ ಹಣದ ಎರಡು ಪಟ್ಟಾಗಿತ್ತು.

ಆದರೆ ದುಡ್ಡಿನ ವಿಷಯ ಮರೆತುಹೋಗುತ್ತದೆ. ಮರೆಯದೆ ಉಳಿದದ್ದು ಮೂರನೆಯ ದಿನದ ಬೆಳಗು. ತಿಂಡಿಯ ಬಫೆಯಲ್ಲಿ ಒತ್ತುಶ್ಯಾವಿಗೆ ಇತ್ತು, ಪಕ್ಕದಲ್ಲಿ ಕೆಂಪಗೆ ಕಾಯಿಚಟ್ನಿಯಂತೆ ಒಂದು ಬಟ್ಟಲು. 'ಕೋಕೋನಟ್ ಸಂಬೋಲ್' ಎಂಬ ಚೀಟಿ. ಅವಳು ಮೂರೂ ದಿನ ಅದನ್ನೇ ಹಾಕಿಕೊಂಡು ತಿಂದಿದ್ದಳು, ಮನೆಯ ರುಚಿ ಇದೊಂದಕ್ಕೇ ಇದೆ ಅಂದಿದ್ದಳು. ನಾನು ಅವತ್ತು ಒಂದು ಚಮಚ ಬಾಯಿಗೆ ಹಾಕಿದೆ. ಒಣಮೀನಿನ ಊರಿನವನಿಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೇ? ವೇಟರನ್ನು ಕರೆದು ಕೇಳಿದರೆ, "ವೆಜ್ ಸರ್, ನೋ ಮೀಟ್" ಅಂದ. ಒಳಗೆ ಹೋಗಿ ಕೇಳಿ ಬಂದ ಮೇಲೆ ಮುಖ ಸಣ್ಣದಾಯಿತು. ಒಣಗಿಸಿದ ಟ್ಯೂನಾ ಮೀನಿನ ಪುಡಿ ಹಾಕಿದ್ದರು. ಅವಳು ಚಮಚ ಕೆಳಗಿಟ್ಟು ಎದ್ದಳು. ಆ ದಿನ ಪೂರ್ತಿ ಪಪ್ಪಾಯ ಬಿಟ್ಟು ಏನನ್ನೂ ಮುಟ್ಟಲಿಲ್ಲ. ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಚೀಟಿಯಲ್ಲಿ ಮೀನು ಎಂದು ಒಂದು ಪದ ಬರೆಯುವುದಕ್ಕೆ ಏನು ಕಷ್ಟ?

ಆ ಹುಡುಗ ಸುಳ್ಳು ಹೇಳಿರಲಿಲ್ಲ ಎಂಬುದು ನಂತರ ಅರ್ಥವಾಯಿತು. ಆ ದೇಶದಲ್ಲಿ ಮೀನು ಅನ್ನದಷ್ಟೇ ಸಹಜ. ಒಣ ಟ್ಯೂನಾ ಅಲ್ಲಿಯ ಹಳೆಯ ರಫ್ತಿನ ಸರಕು, ಶ್ರೀಲಂಕಾದ ಅಡುಗೆಗೂ ಅದಿಲ್ಲದೆ ಆಗುವುದಿಲ್ಲ. ರೆಸಾರ್ಟಿನ ಅಡುಗೆಮನೆಗಳಲ್ಲಿ ಶ್ರೀಲಂಕಾದ ಬಾಣಸಿಗರು ಬಹಳ. ಹಾಗಾಗಿ ಕಾಯಿಯ ಸಂಬೋಲ್, ಕೆಲವೊಮ್ಮೆ ತರಕಾರಿ ಪಲ್ಯ, ಸೊಪ್ಪಿನ ಪಲ್ಯದೊಳಗೂ ಅದು ಇರುತ್ತದೆ. ಸಂಜೆ ಚಹಾದ ಜೊತೆ ಬಜಿಯಾ ಅಂತ ಕೊಡುತ್ತಾರೆ. ಹೆಸರು ಕೇಳಿ ನಮ್ಮ ಬಜ್ಜಿ ಅಂದುಕೊಳ್ಳಬೇಡಿ. ಸಮೋಸಾದ ಹಾಗೆ ಇರುತ್ತದೆ, ಒಳಗೆ ಟ್ಯೂನಾ. ಗುಂಡಗಿರುವ ಗುಲ್ಹಾ ಕೂಡ ಹಾಗೆಯೇ. ಥಾಯ್ ಅಥವಾ ಚೀನೀ ರಾತ್ರಿ ಅಂತ ಮಾಡಿದ ದಿನ ಫಿಶ್ ಸಾಸ್, ಸಿಂಪಿಯಿಂದ ಮಾಡಿದ ಆಯ್‌ಸ್ಟರ್ ಸಾಸ್. ತರಕಾರಿ ಸೂಪಿನಲ್ಲಿ ಕೋಳಿಯ ಸ್ಟಾಕ್, ಅಂದರೆ ಕೋಳಿ ಬೇಯಿಸಿ ತೆಗೆದ ರಸ. "ವೆಜಿಟೇರಿಯನ್" ಎಂಬ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ಮೀನಿಲ್ಲ, ಒಣಮೀನಿನ ಪುಡಿಯಿಲ್ಲ, ಮೊಟ್ಟೆಯಿಲ್ಲ, ಈ ಸಾಸುಗಳಿಲ್ಲ, ಮಾಂಸದ ಸ್ಟಾಕ್ ಇಲ್ಲ, ಸೌಟು ಬೇರೆ — ಒಂದೊಂದನ್ನೂ ಬಿಡಿಸಿ ಹೇಳಿ.

ಊಟದ ಗುಣಮಟ್ಟಕ್ಕೆ ಬಂದರೆ, ಅದು ಬಾಣಸಿಗನ ಕೈಯಷ್ಟೇ ದೋಣಿಯನ್ನೂ ನೆಚ್ಚಿಕೊಂಡಿದೆ. ಮೀನು ಮತ್ತು ತೆಂಗು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರಬೇಕು. ಅಕ್ಕಿ, ಗೋಧಿಹಿಟ್ಟು, ಬೇಳೆ, ಆಲೂಗಡ್ಡೆ, ಈರುಳ್ಳಿ, ಮೊಟ್ಟೆಗಳನ್ನು ಭಾರತ 1981ರ ವ್ಯಾಪಾರ ಒಪ್ಪಂದದಡಿ ಪ್ರತಿ ವರ್ಷ ಇಂತಿಷ್ಟೆಂದು ಕಳಿಸುತ್ತದೆ. 2024-25ಕ್ಕೆ ಒಪ್ಪಿದ ಈರುಳ್ಳಿಯೇ 35,749 ಟನ್. ರಾಜಧಾನಿ ಮಾಲೆಗೆ ಬಂದ ಸರಕು ಮತ್ತೆ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ನಾವು 2019ರಲ್ಲಿ ಹೋದದ್ದು ನೈಋತ್ಯ ಮಳೆಗಾಲದ ನಡುವೆ. ಎರಡು ದಿನ ಕಡಲು ಕೆರಳಿತ್ತು. ಸಲಾಡಿನ ಸೊಪ್ಪು ಬಾಡಿತ್ತು, ಹಣ್ಣು ಅಂದರೆ ಕಲ್ಲಂಗಡಿ ಮತ್ತು ಪಪ್ಪಾಯ ಅಷ್ಟೇ. ನೀವು ಡಿಸೆಂಬರ್‌ನಲ್ಲಿ ಹೋಗುತ್ತಿರುವುದು ಒಳ್ಳೆಯದು, ಆ ಹೊತ್ತಿಗೆ ಗಾಳಿ ತಿರುಗಿ ಕಡಲು ತಣ್ಣಗಾಗುತ್ತಾ ಬರುತ್ತದೆ.

ಮೀನಿನ ಮಾತು ಬೇರೆ. ನಮ್ಮ ಕಡೆ ಬಂಗಡೆಗೆ ಇರುವ ಮರ್ಯಾದೆ ಟ್ಯೂನಾಗೆ ಇಲ್ಲ. ನಾನೂ ಅದನ್ನು ಕೀಳಾಗಿಯೇ ನೋಡಿದ್ದವನು. ಅಲ್ಲಿ ತಿಂದ ಮೇಲೆ ಮನಸ್ಸು ಬದಲಾಯಿತು. ಅವರು ಟ್ಯೂನಾವನ್ನು ಬಲೆಯಲ್ಲಿ ರಾಶಿ ಹಾಕಿ ಎಳೆಯುವುದಿಲ್ಲ, ಕೋಲುಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಬೆಳಿಗ್ಗೆ ರೋಶಿ ಎಂಬ ತೆಳು ಚಪಾತಿಯ ಜೊತೆ ಮಸ್ ಹುನಿ ಕೊಡುತ್ತಾರೆ: ಟ್ಯೂನಾ, ಹೆರೆದ ತೆಂಗಿನಕಾಯಿ, ಈರುಳ್ಳಿ, ಮೆಣಸಿನಕಾಯಿ, ಲಿಂಬೆರಸ ಎಲ್ಲ ಕೈಯಲ್ಲೇ ಕಿವುಚಿದ್ದು. ಗರುಧಿಯಾ ಎಂಬ ತಿಳಿಸಾರನ್ನು ಅನ್ನಕ್ಕೆ ಹಾಕಿ ಲಿಂಬೆ ಹಿಂಡಿಕೊಂಡರೆ ನನಗೆ ಬೇರೇನೂ ಬೇಡವಾಗಿತ್ತು. ಕೆಲವು ದೊಡ್ಡ ರೆಸಾರ್ಟುಗಳು ಇದನ್ನೆಲ್ಲ ವಾರಕ್ಕೊಂದು 'ಮಾಲ್ಡೀವಿಯನ್ ನೈಟ್'ಗೆ ಮಾತ್ರ ಮೀಸಲಿಟ್ಟು, ಉಳಿದ ದಿನ ದೂರದೇಶದ ಸಾಲ್ಮನ್ ಬಡಿಸುತ್ತವೆ. ನನಗೆ ಇದು ತಪ್ಪಾಗಿ ಕಾಣುತ್ತದೆ.

2025ರಲ್ಲಿ ನಾವು ಪಾಠ ಕಲಿತೇ ಹೋದದ್ದು. ಹದಿನೈದು ದಿನ ಮುಂಚೆ ರೆಸಾರ್ಟಿಗೆ ಮೇಲ್ ಬರೆದೆವು, ಬೇಡದ್ದನ್ನೆಲ್ಲ ಪಟ್ಟಿ ಮಾಡಿ. ಅವರು ಎಲ್ಲದಕ್ಕೂ ಒಂದೊಂದಾಗಿ ಉತ್ತರ ಕೊಟ್ಟರು. ಆ ಉತ್ತರ ನೋಡಿಯೇ ಹಣ ಕಟ್ಟಿದೆವು. ಇದನ್ನು ನೀವೂ ಮಾಡಿ: ಬರೀ "ಯೆಸ್, ವೆಜ್ ಅವೈಲಬಲ್" ಎಂದು ಒಂದು ಸಾಲು ಬಂದರೆ ಆ ಜಾಗ ಬಿಡಿ. 2021ರಿಂದ 2023ರವರೆಗೆ ಅಲ್ಲಿಗೆ ಅತಿ ಹೆಚ್ಚು ಹೋದ ಪ್ರವಾಸಿಗರು ಭಾರತೀಯರೇ. ಅದಾದ ಮೇಲೆ ಅಡುಗೆಮನೆಗಳು ನಮ್ಮ ಅಗತ್ಯವನ್ನು ಚೆನ್ನಾಗಿ ತಿಳಿದುಕೊಂಡಿವೆ. ಆದರೂ ಭಾರತದ ಊಟ ಅಂದರೆ ಅವರ ಲೆಕ್ಕದಲ್ಲಿ ಪನೀರ್, ದಾಲ್, ಜೀರಾ ರೈಸ್. ಮೂರನೆಯ ದಿನಕ್ಕೆ ನಾಲಿಗೆ ಬೇಸರಪಡುತ್ತದೆ.

ಎರಡನೆಯ ರಾತ್ರಿ ಬಫೆಯ ಹತ್ತಿರ ನಿಂತು ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ತವೆಯ ಹಿಂದೆ ನಿಂತಿದ್ದ ಬಾಣಸಿಗರು ತಲೆಯೆತ್ತಿ, "ಎಂತ ಮಾರಾಯ್ರೆ, ಊರು ಯಾವುದು?" ಅಂದರು. ಕುಂದಾಪುರ ಕಡೆಯವರು. ಹಡಗಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಇಲ್ಲಿಗೆ ಬಂದವರಂತೆ. ಮಾರನೆಯ ಮಧ್ಯಾಹ್ನ ಅವಳ ಮುಂದೆ ಶುಂಠಿ ತಂಬುಳಿ ಬಂತು, ಬಿಸಿ ಅನ್ನದ ಜೊತೆ. ಶುಂಠಿ, ಕಾಯಿ, ಮೊಸರು ಮೂರೂ ಆ ಅಡುಗೆಮನೆಯಲ್ಲಿ ದಿನವೂ ಇದ್ದವು. ಕರಿಬೇವು ಮಾತ್ರ ದೋಣಿ ಬರುವ ದಿನಕ್ಕೆ ಕಾಯಬೇಕು ಅಂದರು. ಅವಳು ಎರಡು ಸಲ ಹಾಕಿಸಿಕೊಂಡಳು. ನಿಮಗೆ ಕನ್ನಡದವರೇ ಸಿಗುತ್ತಾರೆ ಎಂದು ನಾನು ಹೇಳಲಾರೆ, ಆದರೆ ಭಾರತದವರೊಬ್ಬರು ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರುತ್ತಾರೆ. ಮೊದಲ ದಿನವೇ ಹೋಗಿ ಪರಿಚಯ ಮಾಡಿಕೊಳ್ಳಿ.

ಸರ್ವಿಸ್ ಬಗ್ಗೆ ಕೇಳಿದ್ದೀರಿ. ಸಾಮಾನ್ಯವಾಗಿ ಮುಖ್ಯ ರೆಸ್ಟೋರೆಂಟಿನಲ್ಲಿ ಬಂದ ದಿನ ಒಂದು ಮೇಜು, ಒಬ್ಬ ವೇಟರನ್ನು ಗೊತ್ತು ಮಾಡುತ್ತಾರೆ, ಹೊರಡುವವರೆಗೂ ಅವರೇ. ನಮಗೆ ಸಿಕ್ಕಿದ್ದು ಬಾಂಗ್ಲಾದೇಶದ ಹುಡುಗ. ಎರಡನೆಯ ಹೊತ್ತಿಗೇ ಅವಳಿಗೆ ಬಿಸಿನೀರು, ನನಗೆ ಸಕ್ಕರೆಯಿಲ್ಲದ ಕಾಫಿ ಎಂದು ತಿಳಿದುಕೊಂಡಿದ್ದ. ಬಫೆಯಲ್ಲಿ ಅವಳು ತಿನ್ನಬಾರದ್ದನ್ನು ತಾನೇ ಬಂದು ತೋರಿಸುತ್ತಿದ್ದ. ಊರಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು ಎಂದ. ಇಂಥವರು ದ್ವೀಪದ ಹಿಂಭಾಗದ ಸಿಬ್ಬಂದಿ ಕೋಣೆಗಳಲ್ಲಿ ಇರುತ್ತಾರೆ, ಅತಿಥಿಗಳ ಕಣ್ಣಿಗೆ ಆ ಭಾಗ ಬೀಳುವುದೇ ಇಲ್ಲ. ಸರ್ವಿಸ್ ಚಾರ್ಜ್ ಸಿಬ್ಬಂದಿಗೆ ಹಂಚಬೇಕೆಂದು ಅಲ್ಲಿಯ ಕಾನೂನಿದೆ, ಆದರೂ ನಿಮ್ಮ ಮೇಜು ನೋಡಿಕೊಂಡವರಿಗೆ ಕೈಯಲ್ಲೇ ಏನಾದರೂ ಕೊಡಿ. ಐದು, ಹತ್ತರ ಡಾಲರ್ ನೋಟುಗಳನ್ನು ಇಲ್ಲಿಂದಲೇ ಒಯ್ಯಿರಿ. ದೂರಿದ್ದರೆ ಆ ಹುಡುಗರ ಮೇಲೆ ಕೂಗಬೇಡಿ, ರೆಸ್ಟೋರೆಂಟ್ ಮ್ಯಾನೇಜರನ್ನು ಕರೆಸಿ. 2019ರಲ್ಲಿ ನಾನು ತಪ್ಪು ಮನುಷ್ಯನ ಮೇಲೆ ರೇಗಿದೆ, ಅದು ಈಗಲೂ ಚುಚ್ಚುತ್ತದೆ.

ಇನ್ನೆರಡು ಸಣ್ಣ ಸಂಗತಿ. ಮಾಲೆಯ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಹಲವು ರೆಸಾರ್ಟುಗಳು ತಮ್ಮದೇ 'ದ್ವೀಪದ ಸಮಯ' ಇಟ್ಟುಕೊಂಡು ಒಂದು ಗಂಟೆ ಮುಂದೆ ಓಡುತ್ತವೆ, ಫೋನ್ ನಂಬಿ ಕೂತರೆ ತಿಂಡಿಯ ಹೊತ್ತು ಮುಗಿದಿರುತ್ತದೆ. ದೂರದ ರೆಸಾರ್ಟುಗಳಿಗೆ ಒಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ, ಹಗಲಿನಲ್ಲಿ ಮಾತ್ರ ಹಾರುವುದು. ವಿಮಾನ ತಡವಾದರೆ ಆ ರಾತ್ರಿ ಮಾಲೆಯ ಸುತ್ತಮುತ್ತ ಕಳೆಯಬೇಕು. ಕೈಚೀಲದಲ್ಲಿ ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಇರಲಿ.

ಹಣ ತೀರಾ ಬಿಗಿಯಾದರೆ ನಾಲ್ಕರಲ್ಲಿ ಎರಡು ರಾತ್ರಿ ಮಾಫುಶಿಯಂಥ ಜನವಸತಿಯ ದ್ವೀಪದ ಗೆಸ್ಟ್‌ಹೌಸಿನಲ್ಲಿ ಇರಿ. ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಗೆ ಬೇರೆ ದಂಡೆ ಇರುತ್ತದೆ, ಆದರೆ ಬೀದಿಯಲ್ಲಿ ನಾಲ್ಕು ಹೋಟೆಲ್ ಇರುತ್ತವೆ, ಒಂದು ಕಡೆ ಹಿಡಿಸದಿದ್ದರೆ ಇನ್ನೊಂದು ಕಡೆ ಹೋಗಬಹುದು. ನಾವು ಹಿಂದಿರುಗುವಾಗ ಅಲ್ಲಿ ಒಂದು ರಾತ್ರಿ ಇದ್ದೆವು. ಮನೆಯವರೇ ನಡೆಸುವ ಜಾಗ. ಸಿಹಿಗುಂಬಳದ ರಿಹಾ, ಅಂದರೆ ಕಾಯಿಹಾಲಿನ ಸಾರನ್ನು, ಮೀನಿಲ್ಲದೆ ಬೇರೆ ಪಾತ್ರೆಯಲ್ಲಿ ಅವಳಿಗಾಗಿ ಮಾಡಿಕೊಟ್ಟರು. ಕೊನೆಗೆ ಸಾಗು ಬೊಂಡಿಬೈ ಎಂಬ ಸಿಹಿ. ನಮ್ಮ ಸಬ್ಬಕ್ಕಿ ಪಾಯಸದ ಅಕ್ಕನೋ ತಂಗಿಯೋ ಆಗಬೇಕು.

ನಿಮ್ಮ ರೆಸಾರ್ಟಿನ ಹೆಸರು ಮತ್ತು ಏಜೆಂಟರು ಕೊಟ್ಟ ಪ್ಲ್ಯಾನ್ ಇಲ್ಲೇ ಬರೆಯಿರಿ, ಅವರ ಮಧ್ಯಾಹ್ನದ ಮೆನು ತೆಗೆದು ನೋಡಿ ಹೇಳುತ್ತೇನೆ. ಮುಂಗಡ ಕಟ್ಟುವುದನ್ನು ಅಲ್ಲಿಯವರೆಗೆ ತಡೆಯಿರಿ.