ಸಿಂಧನೂರಿನಿಂದ ಜರ್ಮನಿಗೆ ಪಿಎಚ್‌ಡಿಗೆ ಹೊರಟವರಿಗೆ

ನೀವು ಕೇಳಿದ್ದು ಎರಡು. ಜರ್ಮನಿಯಲ್ಲಿ ನಮ್ಮನ್ನು ಹೊರಗಿನವರು ಅಂತ ನೋಡ್ತಾರಾ? ಮಾರ್ಗದರ್ಶಕರು ‘ನಿಮ್ಮ ಕಡೆಯ ಕ್ಯಾಂಪುಗಳ (ಹೊರಗಿನಿಂದ ಬಂದವರು ನೆಲೆಸಿದ ಊರುಗಳು) ಮೇಲೇ ಕೆಲಸ ಮಾಡಿ’ ಅಂದಿದ್ದಾರೆ, ಒಪ್ಪಲಾ? ಮೊದಲನೆಯದಕ್ಕೆ ಉತ್ತರ: ನೋಡ್ತಾರ್ರಿ. ಎರಡನೆಯದಕ್ಕೆ: ಒಪ್ಪಿ, ಆದರೆ ಕಣ್ಣು ಬಿಟ್ಟುಕೊಂಡು ಒಪ್ಪಿ.

ಬಂದ ಹೊಸದರಲ್ಲಿ ಎಲ್ಲ ಕಿರಿಕಿರಿಯೂ ಜನಾಂಗಭೇದದಂತೆ ಕಾಣುತ್ತದೆ. ಹಾಗಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಇದು ಜರ್ಮನ್ನರಿಗೂ ಇರುವ ನಿಯಮ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ: ಇನಿಷಿಯಲ್ಲು, ತಂದೆ ಹೆಸರು, ಊರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ತುಂಬಿಸಿಕೊಳ್ಳಿ, ಪದವಿ ಪತ್ರಕ್ಕೂ ಅದಕ್ಕೂ ತಾಳೆ ಇರಲಿ. ಇಲ್ಲಿಗೆ ಬಂದ ಮೇಲೆ ಬ್ಯಾಂಕು, ಆರೋಗ್ಯ ವಿಮೆ, ವಿದೇಶಿಯರ ಕಚೇರಿ ಮೂರರಲ್ಲೂ ಮೂರು ಹೆಸರಾದರೆ ಬಿಡಿಸುವುದು ಕಷ್ಟ.

‘ಎಲ್ಲಿಯವರು?’ ಎಂದಾಗ ಊರು ಹೇಳಿದ ಮೇಲೂ ‘ಅಲ್ಲ, ನಿಜವಾಗಿ ಎಲ್ಲಿಯವರು?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲೇ ಹುಟ್ಟಿದ ಮಕ್ಕಳಿಗೂ ಬರುತ್ತದೆ, ಚುಚ್ಚುವುದು ಅವರಿಗೆ. ನಿಮಗೆ ಅದು ಬರೀ ಕುತೂಹಲ. ಉತ್ತರ ಹೇಳಿ ಮುಂದೆ ಹೋಗಿ.

ಮನೆ, ಕೆಲಸ ನಿರಾಕರಿಸಿದರೆ ಮಾತು ಬೇರೆ. 2006ರ ಸಮಾನ ನಡವಳಿಕೆ ಕಾಯ್ದೆ ಇದೆ, ಎಲ್ಲರೂ ಅದನ್ನು ಆ‌ಗೆಗೆ (AGG) ಅನ್ನುತ್ತಾರೆ. ಪರಿಹಾರ ಕೇಳಲು ಇರುವುದು ಎರಡೇ ತಿಂಗಳು, ಹೆಚ್ಚಿನವರು ಸೋಲುವುದು ಈ ಗಡುವಿನಲ್ಲೇ. ಹಾಗಾಗಿ ಜಾಹೀರಾತಿನ ಸ್ಕ್ರೀನ್‌ಶಾಟ್, ಮೇಲ್, ತಾರೀಖು ಅಂದೇ ಎತ್ತಿಡಿ. ‘ಮನೆ ಹೋಗಿಬಿಟ್ಟಿದೆ’ ಎಂದ ಮೇಲೂ ಜಾಹೀರಾತು ಇದ್ದರೆ, ಜರ್ಮನ್ ಹೆಸರಿನ ಸ್ನೇಹಿತರಿಂದ ಅದೇ ವಿವರ ಕೊಟ್ಟು ಕೇಳಿಸಿ. ಅವರಿಗೆ ಮನೆ ತೋರಿಸಲು ಕರೆದರೆ ಅದು ಭೇದದ ಸುಳಿವು. ಸುಳಿವು ಗಟ್ಟಿಯಿದ್ದರೆ ತಾನು ಭೇದ ಮಾಡಿಲ್ಲ ಎಂದು ತೋರಿಸುವ ಹೊರೆ ಎದುರಿನವರದು. ಆದರೆ ಮಾಲೀಕರು ಅದೇ ಜಾಗದಲ್ಲೇ ವಾಸವಿದ್ದರೆ ಕಾಯ್ದೆಯ ಕೈ ಗಿಡ್ಡ. ಸರ್ಕಾರಿ ಕಚೇರಿಯ ನಡವಳಿಕೆಗೂ ಇದು ಸಾಮಾನ್ಯವಾಗಿ ಅನ್ವಯಿಸದು. ಬರ್ಲಿನ್ ರಾಜ್ಯ ಅದಕ್ಕೆಂದೇ 2020ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಕೇಂದ್ರದ ಭೇದಭಾವ ವಿರೋಧಿ ಕಚೇರಿ ಪುಕ್ಕಟೆ ಸಲಹೆ ಕೊಡುತ್ತದೆ.

ಈಗ ಸಂಶೋಧನೆ. ನಿಮ್ಮನ್ನು ಸಿಂಧನೂರಿಗೇ ವಾಪಸ್ ಕಳಿಸುವುದರಲ್ಲೂ ಒಂದು ಬಗೆಯ ಪರಕೀಯಗೊಳಿಸುವಿಕೆ ಇದೆ: ಜರ್ಮನ್ ವಿದ್ಯಾರ್ಥಿ ಜಗತ್ತಿನ ಯಾವ ಮೂಲೆಯ ಬಗ್ಗೆಯಾದರೂ ಬರೆಯಬಹುದು, ನೀವು ನಿಮ್ಮೂರಿನ ಬಗ್ಗೆ ಬರೆಯಬೇಕು. ಆದರೂ ವಿಷಯ ಬಲು ಒಳ್ಳೆಯದು. ಅನ್ಯ ಎಂದರೆ ಇವತ್ತು ಬಂದು ನಾಳೆ ಹೋಗುವ ಅಲೆಮಾರಿಯಲ್ಲ, ಇವತ್ತು ಬಂದು ನಾಳೆಯೂ ಉಳಿಯುವವ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಝಿಮೆಲ್ 1908ರಲ್ಲೇ ಬರೆದರು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಹೊಲ ಕೊಂಡವರ ಮೊಮ್ಮಕ್ಕಳು ಇವತ್ತಿಗೂ ‘ಕ್ಯಾಂಪಿನವರು’. ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿಗಳದು ಮತ್ತೊಂದೇ ಕಥೆ: ಒಬ್ಬರು ದುಡ್ಡು ತಂದು ಬಂದವರು, ಇನ್ನೊಬ್ಬರು ನಿರಾಶ್ರಿತರು. ಇಬ್ಬರನ್ನೂ ಒಂದೇ ಅಧ್ಯಾಯಕ್ಕೆ ತುರುಕಬೇಡಿ.

ಅಲ್ಲಿ ನೀವು ಒಳಗಿನವರು ಎಂದು ಜರ್ಮನಿಯಲ್ಲಿ ನಂಬುತ್ತಾರೆ, ನೀವು ನಂಬಬೇಡಿ. ಯಾರ ಮನೆಯಲ್ಲಿ ಇಳಿದುಕೊಂಡಿರಿ, ಯಾರ ಬೈಕಿನ ಹಿಂದೆ ಕೂತು ಬಂದಿರಿ ಅನ್ನುವುದರ ಮೇಲೆ ಯಾರು ಮಾತಾಡುತ್ತಾರೆಂಬುದು ನಿರ್ಧಾರ. ಹೊಲದ ಸಾಹುಕಾರರ ಜೊತೆ ಮೊದಲ ದಿನ ಕಾಣಿಸಿಕೊಂಡರೆ ನಾಟಿ ಮಾಡುವ ಹೆಣ್ಣುಮಕ್ಕಳಿಂದ ‘ಎಲ್ಲಾ ಚೊಲೋ ಐತ್ರಿ’ ಬಿಟ್ಟು ಬೇರೆ ಮಾತು ಸಿಗದು. ಇಳಿಯುವುದು ಸಿಂಧನೂರು ಪೇಟೆಯ ಲಾಡ್ಜಿನಲ್ಲಿ ಇರಲಿ, ಕ್ಯಾಂಪಿಗೆ ಬಸ್ಸು ಹಿಡಿಯಿರಿ.

ನೀವು ಮಾತಾಡಿಸುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಎಂದು ವಿಶ್ವವಿದ್ಯಾಲಯ ಕೇಳುತ್ತದೆ. ಹೊಲದ ಕಾಗದ, ಪೌರತ್ವದ ಕಾಗದದ ಭಯವಿರುವ ಕಡೆ ಹೆಬ್ಬೆಟ್ಟು ಒತ್ತಿ ಅಂದರೆ ಬಾಗಿಲು ಮುಚ್ಚಿದಂತೆಯೇ. ಧ್ವನಿಮುದ್ರಿತ ಮೌಖಿಕ ಒಪ್ಪಿಗೆ ಸಾಕೆಂದು ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಸಮಿತಿಯಿಂದ ಮೊದಲೇ ಬರೆಸಿಕೊಳ್ಳಿ. ಒಪ್ಪಿಗೆಯ ಕನ್ನಡ, ತೆಲುಗು, ಬಂಗಾಳಿ ಪಠ್ಯ ತಯಾರಿರಲಿ. ಯಾರ ಗುರುತಿನ ಚೀಟಿಯದ್ದೂ ಫೋಟೊ ತೆಗೆಯಬೇಡಿ. ಜನಾಂಗ ಮೂಲ, ಧರ್ಮದ ಮಾಹಿತಿಗೆ ಯುರೋಪಿನ ದತ್ತಾಂಶ ನಿಯಮದಲ್ಲಿ ವಿಶೇಷ ರಕ್ಷಣೆಯಿದೆ. ಜಾತಿಯನ್ನೂ ಅದೇ ಸಾಲಿಗೆ ಸೇರಿಸಿ ನಡೆದುಕೊಳ್ಳಿ. ದತ್ತಾಂಶವನ್ನು ಸಾಮಾನ್ಯವಾಗಿ 10 ವರ್ಷ ಇಡಬೇಕು, ಹಾಗಾಗಿ ನಿಜ ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ. ಹೆಸರು ಬದಲಿಸಿದರಷ್ಟೇ ಸಾಲದು: ಕ್ಯಾಂಪಿಗೆ ಇರುವುದು ಒಂದೇ ಮೆಡಿಕಲ್ ಶಾಪ್ ಆದರೆ ‘ಮೆಡಿಕಲ್ ಶಾಪಿನ ಮಾಲೀಕ’ ಅಂದರೂ ಎಲ್ಲರಿಗೂ ಗೊತ್ತು. ಕಸುಬನ್ನೂ ಮಸುಕು ಮಾಡಿ.

ಬರೆಯುವಾಗ ‘ಕ್ಯಾಂಪಿನ ಜನ ಹೀಗೆ ನಂಬುತ್ತಾರೆ’ ಎಂಬ ವಾಕ್ಯ ತಾನಾಗಿ ಬರುತ್ತದೆ. ಅಧ್ಯಯನಕ್ಕೊಳಗಾದವರು ಎಂದೂ ಬದಲಾಗದವರೆಂಬಂತೆ ಬರೆದು ಅವರನ್ನು ನಮ್ಮ ಕಾಲದಿಂದಲೇ ಹೊರಗಿಡುವ ಈ ಚಾಳಿಯನ್ನು ಮಾನವಶಾಸ್ತ್ರಜ್ಞ ಯೋಹಾನೆಸ್ ಫಾಬಿಯನ್ 1983ರಲ್ಲಿ ಬಿಡಿಸಿಟ್ಟರು. ನಿಮ್ಮ ಪರೀಕ್ಷಕರು ಅದನ್ನು ಓದಿರುತ್ತಾರೆ. ಯಾವ ತಿಂಗಳು, ಎಷ್ಟು ಮನೆಯವರು, ಯಾರ ಎದುರು ಹೇಳಿದರು ಎಂಬಷ್ಟನ್ನೇ ಬರೆಯಿರಿ. ಟಿಪ್ಪಣಿಯನ್ನು ಅದೇ ರಾತ್ರಿ ಕನ್ನಡದಲ್ಲೇ ಬರೆದಿಡಿ, ಜರ್ಮನ್ ಆಮೇಲೆ ನೋಡಿಕೊಂಡರಾಯಿತು.